ಬೆಂಚಲ್ಲಿ ಕೂತ ಕೀಪರ್‌ನ ಲೆಕ್ಕ

1/8

ಒಂದು ಪ್ರಶ್ನೆ ಕೇಳ್ತೀನಿ, ಗೂಗಲ್ ಮಾಡದೆ ಯೋಚಿಸಿ.

ಭಾರತಕ್ಕೆ ಆಡಿದ ಇಬ್ಬರು ವಿಕೆಟ್ ಕೀಪರ್‌ಗಳು. ಇಬ್ಬರೂ ಒಂದೇ ಕಾಲದವರು, ಒಂದೇ ಜಾಗಕ್ಕೆ ಪೈಪೋಟಿ. ಒಬ್ಬರ ಟೆಸ್ಟ್ ಬ್ಯಾಟಿಂಗ್ ಸರಾಸರಿ 31.08, ಇನ್ನೊಬ್ಬರದ್ದು 32.70. ಒಬ್ಬರು 46 ಟೆಸ್ಟ್ ಆಡಿದ್ರು, ಇನ್ನೊಬ್ಬರು 18. ಹೆಚ್ಚು ಟೆಸ್ಟ್ ಆಡಿದವರು ಯಾರು?

ಸರಾಸರಿ ಜಾಸ್ತಿ ಇದ್ದವರು ಅಂತ ಹೇಳಿದ್ರೆ ತಪ್ಪು. 46 ಟೆಸ್ಟ್ ಆಡಿದವರು ಫರೂಕ್ ಎಂಜಿನಿಯರ್, ಸರಾಸರಿ 31.08. 18 ಟೆಸ್ಟಿಗೇ ಮುಗಿದವರು ಬುಧಿ ಕುಂದರನ್, ನಮ್ಮ ಕರಾವಳಿಯ ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದವರು.

ಎಂಜಿನಿಯರ್ ಹೆಸರು ನಮ್ಮ ತಾತಂದಿರಿಗೆಲ್ಲ ಗೊತ್ತು. ಕುಂದರನ್ ಹೆಸರನ್ನ ನನ್ನ ಕ್ಲಾಸಲ್ಲಿ ಕೇಳಿ ನೋಡಿದೆ. 52 ಜನರಲ್ಲಿ ಒಬ್ಬನಿಗೆ ಗೊತ್ತಿತ್ತು, ಅವನ ಅಮ್ಮನ ಊರು ಮೂಲ್ಕಿ ಹತ್ರ!

ಹಾಗಾದ್ರೆ ಅವರಿಗೆ ಇನ್ನೂ ಚಾನ್ಸ್ ಸಿಕ್ಕಿದ್ರೆ ಎಷ್ಟು ರನ್ ಹೊಡೀತಿದ್ರು? ಬೆಂಚಲ್ಲಿ ಕೂತವನ ಕರಿಯರ್‌ನ ಲೆಕ್ಕ ಹಾಕಿ ಹೇಳೋಕೆ ಆಗುತ್ತಾ?

ನಾನು ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದ್ತಾ ಇರೋನು, ಸ್ಟಾಟಿಸ್ಟಿಕ್ಸ್ ಒಂದು ಸಬ್ಜೆಕ್ಟು. ಕಾಲೇಜ್ ಟೀಮಲ್ಲಿ ಎರಡನೇ ಕೀಪರು. ಅಂದ್ರೆ ಮೊದಲನೇ ಕೀಪರ್‌ಗೆ ಜ್ವರ ಬಂದಾಗ ಆಡೋನು. ಆದ್ದರಿಂದ ಈ ಪ್ರಶ್ನೆ ನನಗೆ ಬರೀ ಕ್ವಿಜ್ ಅಲ್ಲ. ಎಂಟು ಪೋಸ್ಟ್ ಇದೆ, ನಿಧಾನಕ್ಕೆ ಓದಿ.

2/8

ಮೊದಲು ಕುಂದರನ್ ಕತೆ.

1960ರ ಜನವರಿ, ಮುಂಬಯಿ, ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ವಯಸ್ಸು 20. ರೈಲ್ವೇಸ್ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲಿ ಜಮ್ಮು ಕಾಶ್ಮೀರದ ಮೇಲೆ 205. ಬ್ಯಾಟ್ ಬೀಸೋ ಹುಡುಗ, ಕೀಪಿಂಗ್ ಮಾಡ್ತಾನೆ, ಓಪನಿಂಗ್‌ಗೂ ರೆಡಿ. ಈಗಿನ ಕಾಲ ಆಗಿದ್ರೆ ಐಪಿಎಲ್ ಹರಾಜಲ್ಲಿ ಕೋಟಿಗಟ್ಟಲೆ ಹೋಗ್ತಿದ್ದ ಅನ್ನೋ ಟೈಪು.

ಆದ್ರೆ 1961ರ ಡಿಸೆಂಬರ್‌ನಲ್ಲಿ ಎಂಜಿನಿಯರ್ ಬಂದ್ರು. ಅಲ್ಲಿಂದ ಒಂದು ಸರಣಿ ಒಳಗೆ, ಒಂದು ಸರಣಿ ಹೊರಗೆ.

1963-64ರಲ್ಲಿ ಇಂಗ್ಲೆಂಡ್ ತಂಡ ಇಲ್ಲಿಗೆ ಬಂತು. ಎಂಜಿನಿಯರ್‌ಗೆ ಆಡೋಕೆ ಆಗದೆ ಕುಂದರನ್‌ಗೆ ಜಾಗ ಸಿಕ್ತು. ಮದ್ರಾಸಿನ ಮೊದಲ ಟೆಸ್ಟಲ್ಲೇ 192. ದೆಹಲಿಯಲ್ಲಿ ಇನ್ನೊಂದು ಶತಕ. ಐದು ಟೆಸ್ಟಲ್ಲಿ 525 ರನ್, ಸರಾಸರಿ 52.50. ಐದೂ ಪಂದ್ಯ ಡ್ರಾ, ಅದು ಬೇರೆ ವಿಷಯ.

ಇಷ್ಟು ಹೊಡೆದ ಮೇಲೆ ಜಾಗ ಪಕ್ಕಾ ಅಂತೀರಾ? ಮುಂದಿನ ಸರಣಿ ಅದೇ 1964ರಲ್ಲಿ, ಆಸ್ಟ್ರೇಲಿಯಾ ವಿರುದ್ಧ. ಮೂರೂ ಟೆಸ್ಟಲ್ಲಿ ಗ್ಲೌಸ್ ಹಾಕಿದ್ದು ಇಂದ್ರಜಿತ್‌ಸಿಂಹಜಿ. ಅಂದ್ರೆ ಎಂಜಿನಿಯರ್ ಅಲ್ಲ, ಕುಂದರನ್ನೂ ಅಲ್ಲ, ಮೂರನೆಯವರು!

ಕೊನೆ ಟೆಸ್ಟ್ 1967ರ ಜುಲೈ, ಇಂಗ್ಲೆಂಡಿನ ಎಜ್‌ಬಾಸ್ಟನ್. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ಕೂ ಸ್ಪಿನ್ನರ್‌ಗಳು ಒಟ್ಟಿಗೆ ಆಡಿದ ಪಂದ್ಯ ಅದು. ಹೊಸ ಬಾಲ್ ಹಾಕೋಕೆ ಸರಿಯಾದ ಫಾಸ್ಟ್ ಬೌಲರ್ರೇ ಇಲ್ಲ. ಮೈಸೂರಿನ ಸುಬ್ರಹ್ಮಣ್ಯ ಜೊತೆ ಬೌಲಿಂಗ್ ಓಪನ್ ಮಾಡಿದ್ದು ಯಾರು ಗೊತ್ತಾ? ಕೀಪರ್ ಕುಂದರನ್. ಆ ಪಂದ್ಯದಲ್ಲಿ ಕೀಪಿಂಗ್ ಎಂಜಿನಿಯರ್‌ದು.

ಆಮೇಲೆ ಸ್ಕಾಟ್ಲೆಂಡ್‌ಗೆ ಹೋದ್ರು, ಅಲ್ಲಿ ಡ್ರಂಪೆಲಿಯರ್ ಕ್ಲಬ್‌ಗೆ ಆಡಿದ್ರು, ಅಲ್ಲೇ ನೆಲೆಸಿದ್ರು. 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡ್ರು.

ಒಟ್ಟು: 18 ಟೆಸ್ಟ್, 34 ಇನಿಂಗ್ಸ್, 981 ರನ್, 2 ಶತಕ. 23 ಕ್ಯಾಚ್, 7 ಸ್ಟಂಪಿಂಗ್. ಸಾವಿರಕ್ಕೆ 19 ಕಮ್ಮಿ.

3/8

ಈಗ ಲೆಕ್ಕ ಶುರು. ಪೆನ್ ತಗೊಳ್ಳಿ.

ಕುಂದರನ್ ಮೊದಲ ಟೆಸ್ಟಿಂದ ಕೊನೆ ಟೆಸ್ಟ್‌ವರೆಗೆ ಭಾರತ ಆಡಿದ್ದು ಎಷ್ಟು? ಸರಣಿ ಸರಣಿ ಎಣಿಸಿದೆ. ಆಸ್ಟ್ರೇಲಿಯಾ 3, ಪಾಕಿಸ್ತಾನ 5, ಇಂಗ್ಲೆಂಡ್ 5, ವೆಸ್ಟ್ ಇಂಡೀಸ್ 5, ಮತ್ತೆ ಇಂಗ್ಲೆಂಡ್ 5, ಆಸ್ಟ್ರೇಲಿಯಾ 3, ನ್ಯೂಜಿಲೆಂಡ್ 4, ವೆಸ್ಟ್ ಇಂಡೀಸ್ 3, ಇಂಗ್ಲೆಂಡ್ 3. ಒಟ್ಟು 36.

ಅವರು ಆಡಿದ್ದು 18. ಕರೆಕ್ಟಾಗಿ ಅರ್ಧ!

ಹಾಗಾದ್ರೆ ಸುಲಭ ಅಲ್ವಾ? ಎರಡರಿಂದ ಗುಣಿಸಿದ್ರೆ ಆಯ್ತು. 1962 ರನ್, 4 ಶತಕ, 60 ಔಟ್ ಮಾಡಿದ ಲೆಕ್ಕ. ರೀಲ್ ಮಾಡಿ, ಹಿಂದೆ ಮ್ಯೂಸಿಕ್ ಹಾಕಿ, 'ಭಾರತ ಕಳಕೊಂಡ ಹೀರೋ' ಅಂತ ಬರೆದ್ರೆ ವೈರಲ್.

ಆದ್ರೆ ನನ್ನ ಸ್ಕೋರರ್ ಫ್ರೆಂಡ್ ಒಬ್ಬ ಇದಾನೆ, ಎಕ್ಸೆಲ್‌ನಲ್ಲೇ ಹುಟ್ಟಿದವನ ಥರ. ಅವನು ಒಂದೇ ಮಾತು ಹೇಳಿದ. 'ಮಗಾ, ಆ ಒಂದು ಸರಣಿ ತೆಗೆದು ನೋಡು.'

ತೆಗೆದು ನೋಡಿದೆ. 981ರಲ್ಲಿ 525 ಕಳೆದ್ರೆ 456. ಅಂದ್ರೆ ಉಳಿದ 13 ಟೆಸ್ಟಲ್ಲಿ 456 ರನ್. ಒಟ್ಟು 30 ಸಲ ಔಟ್ ಆಗಿದ್ದಾರೆ, ಆ ಸರಣಿಯಲ್ಲಿ 10 ಸಲ. ಹಾಗಾದ್ರೆ ಉಳಿದದ್ದು 20. 456 ಭಾಗಿಸು 20, ಉತ್ತರ 22.80.

ಈಗ ನಮ್ಮ ಮುಂದೆ ಇಬ್ಬರು ಕುಂದರನ್ ಇದಾರೆ. ಒಬ್ಬರು 52.50, ಇನ್ನೊಬ್ಬರು 22.80. ಆಡದೆ ಉಳಿದ ಆ 18 ಟೆಸ್ಟಿಗೆ ಯಾವ ಕುಂದರನ್‌ನ ಕಳಿಸೋಣ?

'ಆ ಸರಣಿ ಬಿಟ್ಟುಬಿಡು, ಫ್ಲೂಕ್' ಅನ್ನೋಕಾಗಲ್ಲ. 192 ಯಾರೂ ಅವರಿಗೆ ದಾನ ಕೊಟ್ಟಿದ್ದಲ್ಲ. 'ಅದೇ ನಿಜವಾದ ಕುಂದರನ್' ಅಂತಾನೂ ಹೇಳೋಕಾಗಲ್ಲ. ಎರಡೂ ಒಬ್ಬರೇ. ಕಷ್ಟ ಇರೋದು ಇಲ್ಲೇ.

4/8

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಕ್ಲಾಸಲ್ಲಿ ಅಲ್ಲ, ಮನೇಲಿ.

ನಮ್ದು ಶಿಡ್ಲಘಟ್ಟ. ಅಪ್ಪ ರೀಲರ್, ರೇಷ್ಮೆ ಗೂಡು ತಂದು ನೂಲು ಬಿಚ್ಚೋ ಕೆಲಸ. ಬೆಳಿಗ್ಗೆ ಗೂಡಿನ ಮಾರ್ಕೆಟ್ಟಲ್ಲಿ ಒಂದು ಸುತ್ತು ಹಾಕಿದ್ರೆ ನಿಮಗೆ ಒಂದು ಸೆಮಿಸ್ಟರ್ ಸ್ಯಾಂಪ್ಲಿಂಗ್ ಪಾಠ ಫ್ರೀ. ರೈತ ತಂದ ಗೂಡು ಹರಡಿರುತ್ತೆ. ರೀಲರ್‌ಗಳು ಒಂದು ಹಿಡಿ ಎತ್ತಿ, ಒತ್ತಿ ನೋಡಿ, ಕಿವಿ ಹತ್ರ ಅಲ್ಲಾಡಿಸಿ, ಇಡೀ ಲಾಟ್‌ಗೆ ಎಷ್ಟು ಕೂಗಬಹುದು ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಾರೆ. ಒಂದು ಕೆಜಿ ನೂಲು ಬರೋಕೆ ಎಷ್ಟು ಕೆಜಿ ಗೂಡು ಬೇಕು, ಅದಕ್ಕೆ ರೆಂಡಿಟ್ಟ ಅಂತಾರೆ. ಅದರ ಅಂದಾಜು ತಪ್ಪಿದ್ರೆ ಆ ವಾರದ ಲಾಭ ಹೋಯ್ತು.

ಅಪ್ಪನ್ನ ಕೇಳಿದೆ, ಒಂದು ಹಿಡೀಲಿ ಹೆಂಗಪ್ಪ ಗೊತ್ತಾಗುತ್ತೆ?

ಅಪ್ಪ ಹೇಳಿದ್ದು ಮೂರು ಮಾತು. ಒಂದು, ಮೇಲಿನ ಹಿಡಿ ಯಾವತ್ತೂ ನೋಡಬಾರದು. ಒಳ್ಳೇದು ಮೇಲೆ ಬಂದಿರುತ್ತೆ, ಕೈ ಒಳಗೆ ಹಾಕಿ ತೆಗೀಬೇಕು. ಎರಡು, ಒಂದೇ ಹಿಡಿ ಸಾಲದು, ನಾಲ್ಕು ಕಡೆ ನೋಡಬೇಕು. ಮೂರು, 'ಆ ಊರಿನ ಗೂಡು ಈ ಸೀಸನ್ನಲ್ಲಿ ಹೆಂಗೆ ಬರ್ತಾ ಇದೆ ಅಂತ ಮೊದಲೇ ತಿಳ್ಕೊಂಡಿರಬೇಕು ಕಣೋ. ಕೈಯಲ್ಲಿರೋದು ಕಮ್ಮಿ ಇದ್ರೆ ಅದನ್ನೇ ಜಾಸ್ತಿ ನಂಬಬೇಕು.'

ಈ ಮೂರನೇ ಮಾತನ್ನ ಸ್ಟಾಟಿಸ್ಟಿಕ್ಸ್ ಪುಸ್ತಕದಲ್ಲಿ ಒಂದು ಅಧ್ಯಾಯ ಪೂರ್ತಿ ಬರೀತಾರೆ. ಸ್ಯಾಂಪಲ್ ಚಿಕ್ಕದಾದಷ್ಟೂ ಅಂದಾಜನ್ನ ಎಲ್ಲರ ಸರಾಸರಿ ಕಡೆಗೆ ಎಳೀಬೇಕು, ದೊಡ್ಡದಾದಷ್ಟೂ ಅವನದೇ ಅಂಕಿಯನ್ನ ನಂಬಬೇಕು. ಅಷ್ಟೇ ವಿಷಯ.

ಮೊದಲನೇ ಮಾತೂ ಬೆಂಚಿನವರಿಗೆ ಬೇಕು. ಬೆಂಚಲ್ಲಿ ಕೂತವನು ಆಡಿದ ಪಂದ್ಯಗಳು ಕಲಸಿ ತೆಗೆದ ಹಿಡಿ ಅಲ್ಲ. ಯಾರೋ ಆರಿಸಿ ಕೊಟ್ಟದ್ದು. ಅಭ್ಯಾಸ ತಪ್ಪಿರುತ್ತೆ, ಬ್ಯಾಟಿಂಗ್ ಆರ್ಡರ್ ಬದಲಾಗಿರುತ್ತೆ, ಇವತ್ತು ಹೋದ್ರೆ ಮತ್ತೆ ಇಲ್ಲ ಅನ್ನೋ ಭಯ ತಲೇಲಿ ಇರುತ್ತೆ.

5/8

ಅಪ್ಪನ ಫಾರ್ಮುಲಾನ ಕುಂದರನ್‌ಗೆ ಹಾಕೋಣ.

ಆ ಕಾಲದ ಒಬ್ಬ ಸಾಧಾರಣ ಟೆಸ್ಟ್ ಕೀಪರ್ 22 ಸರಾಸರಿಯಲ್ಲಿ ಹೊಡೀತಾನೆ ಅಂತ ಇಟ್ಕೊಳ್ಳಿ. ಇದು ನಾನು ಇಟ್ಟುಕೊಂಡ ನಂಬರ್, ನೀವು 20 ಅಥವಾ 25 ಹಾಕಿ ನೋಡಬಹುದು. ಈಗ ಕುಂದರನ್ ಅವರ ನಿಜವಾದ 30 ಔಟ್‌ಗಳ ಜೊತೆ, ಆ ಸಾಧಾರಣ ಕೀಪರ್‌ನ 20 ಔಟ್ ಸೇರಿಸ್ತೀನಿ. 20 ಗುಣಿಸು 22 ಅಂದ್ರೆ 440 ರನ್.

981 ಕೂಡಿಸು 440, ಒಟ್ಟು 1421. ಅದನ್ನ 50 ಔಟ್‌ನಿಂದ ಭಾಗಿಸಿದ್ರೆ 28.42.

36 ಟೆಸ್ಟ್ ಆಡಿದ್ರೆ ಇದೇ ಲೆಕ್ಕದಲ್ಲಿ ಸುಮಾರು 60 ಸಲ ಔಟ್. 60 ಗುಣಿಸು 28.42, ಸುಮಾರು 1705 ರನ್.

ನೋಡಿ, ವೈರಲ್ ರೀಲ್‌ನ 1962 ಅಲ್ಲ. ಆದ್ರೆ 22.80ರ ಕುಂದರನ್ನೂ ಅಲ್ಲ. ಮಧ್ಯದಲ್ಲಿ ಎಲ್ಲೋ, ಮರ್ಯಾದೆಯಾಗಿ ಇದೆ. ಆ ಕಾಲಕ್ಕೆ 28 ಸರಾಸರಿ ಇರೋ ಕೀಪರ್ ಅಂದ್ರೆ ಸಣ್ಣ ವಿಷಯ ಅಲ್ಲ. ಎಂಜಿನಿಯರ್ 46 ಟೆಸ್ಟ್ ಆಡಿ 31.08ರಲ್ಲಿ ನಿಂತ್ರು ಅಂದ್ರೆ, ಅವರ ಅಂಕಿಯನ್ನ ನಾವು ಜಾಸ್ತಿ ನಂಬಬಹುದು, ಯಾಕಂದ್ರೆ ಹಿಡಿ ದೊಡ್ಡದು. ಆದ್ದರಿಂದ 'ಕುಂದರನ್ ಎಂಜಿನಿಯರ್‌ಗಿಂತ ದೊಡ್ಡ ಬ್ಯಾಟ್ಸ್‌ಮನ್' ಅಂತ ನಾನು ಹೇಳಲ್ಲ. 18 ಟೆಸ್ಟ್ ಇಟ್ಕೊಂಡು ಅಲ್ಲ ಅಂತ ಸಾಧಿಸೋಕೂ ಆಗಲ್ಲ. ಲೆಕ್ಕ ಹೇಳೋದು ಅಷ್ಟೇ.

ಎರಡನೇ ಪಿಯುಸಿ ಬರೀತಿರೋ ತಮ್ಮ ತಂಗಿಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಮೂರು ಗಂಟೆಯ ಒಂದು ಪೇಪರ್ ಕೂಡ ಒಂದು ಹಿಡಿ ಗೂಡೇ. ಮೊದಲ ಟೆಸ್ಟಲ್ಲಿ 19 ಬಂತು ಅಂತ ಯಾರಾದ್ರೂ ನಿಮ್ಮ ಮುಂದಿನ ಹತ್ತು ವರ್ಷ ಬರೆದುಕೊಟ್ಟರೆ, ಅವರು ಹೇಳ್ತಿರೋದು ಜಾಸ್ತಿ ನಿಮ್ಮ ಬಗ್ಗೆ ಅಲ್ಲ, ಅವರ ತಲೇಲಿ ಇರೋ ಸರಾಸರಿ ಬಗ್ಗೆ.

6/8

ಈ ಥರ ಲೆಕ್ಕದ ಹುಚ್ಚು ಜಾಸ್ತಿ ಇರೋದು ಅಮೆರಿಕದ ಬೇಸ್‌ಬಾಲ್‌ನಲ್ಲಿ. ಅಲ್ಲಿ ಕ್ಯಾಚರ್ ಅಂದ್ರೆ ನಮ್ಮ ಕೀಪರ್ ಇದ್ದ ಹಾಗೆ, ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತಿರ್ತಾನೆ.

ಸುಮಾರು 120 ವರ್ಷದ ಹಿಂದೆ ಬ್ರಾಂಚ್ ರಿಕಿ ಅಂತ ಒಬ್ಬ ರಿಸರ್ವ್ ಕ್ಯಾಚರ್ ಇದ್ದ. 1906ರಲ್ಲಿ ಸೇಂಟ್ ಲೂಯಿಸ್ ತಂಡಕ್ಕೆ 65 ಪಂದ್ಯ. 201 ಸಲ ಬ್ಯಾಟ್ ಮಾಡಿ 57 ಹಿಟ್. ಅವರ ಭಾಷೇಲಿ 284, ಅಂದ್ರೆ ಸಾವಿರಕ್ಕೆ 284. ಕ್ಯಾಚರ್‌ಗೆ ಚೆನ್ನಾಗೇ ಇದೆ. ಸಾವಿರಕ್ಕೆ 250 ಅಂತ 200 ಸಲದ ಸಾಧಾರಣ ಲೆಕ್ಕ ಸೇರಿಸಿ ಎಳೆದ್ರೂ ಮುಂದಿನ ವರ್ಷ ಸುಮಾರು 267 ಬರಬೇಕು.

ಬಂದದ್ದು 182. 137ಕ್ಕೆ 25. ಬೇರೆ ತಂಡಕ್ಕೆ ಹೋಗಿದ್ದ, ಎಸೆಯೋ ಕೈ ಕೆಟ್ಟಿತ್ತು. 1907ರ ಜೂನ್ 28ರಂದು ಒಂದೇ ಪಂದ್ಯದಲ್ಲಿ ಎದುರಾಳಿಗಳು ಅವನ ಮೇಲೆ 13 ಬೇಸ್ ಕದ್ದರು. ಕೀಪರ್ ಕೈಗೆ ಬಾಲ್ ಹೋದ ಮೇಲೂ ರನ್ ಓಡಿದಂಗೆ, ಹದಿಮೂರು ಸಲ! ನಾಲ್ಕು ಸೀಸನ್ ಸೇರಿಸಿ 120 ಪಂದ್ಯಕ್ಕೆ ಆಟಗಾರನಾಗಿ ಕತೆ ಮುಗೀತು.

ಸೂತ್ರಕ್ಕೆ ಕೈ ನೋವು ಗೊತ್ತಿರಲ್ಲ. ಇದು ಮೊದಲ ಪಾಠ.

ಎರಡನೇದು ಇನ್ನೂ ಮಜಾ. ಇದೇ ರಿಕಿ ಮುಂದೆ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ನಡೆಸಿದ. ಕಪ್ಪು ಜನರಿಗೆ ಮೇಜರ್ ಲೀಗ್ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಜಾಕಿ ರಾಬಿನ್ಸನ್‌ನ ಕರೆತಂದ, 1947ರ ಏಪ್ರಿಲ್ 15ಕ್ಕೆ ರಾಬಿನ್ಸನ್ ಕಣಕ್ಕಿಳಿದ. ಅದೇ ವರ್ಷ ಆಲನ್ ರಾತ್ ಅನ್ನೋ ಅಂಕಿಅಂಶಗಾರನ್ನ ತಂಡಕ್ಕೆ ಪೂರ್ತಿ ಕೆಲಸಕ್ಕೆ ಇಟ್ಕೊಂಡ. ಬರೀ ಬ್ಯಾಟಿಂಗ್ ಸರಾಸರಿ ನೋಡಿದ್ರೆ ಆಟಗಾರ ಅರ್ಥ ಆಗಲ್ಲ ಅಂತ 1954ರಲ್ಲಿ ಲೈಫ್ ಪತ್ರಿಕೇಲಿ ಲೇಖನಾನೂ ಬರೆದ.

120 ಪಂದ್ಯದ ಅಂಕಿ ಇಟ್ಕೊಂಡು ರಿಕಿ ಕರಿಯರ್ ಎಷ್ಟೇ ಚೆನ್ನಾಗಿ ಪ್ರೊಜೆಕ್ಟ್ ಮಾಡಿದ್ರೂ ಇದು ಬರ್ತಿರಲಿಲ್ಲ. ಆ ಕಾಲಂ ಆ ಶೀಟಲ್ಲೇ ಇಲ್ಲ.

7/8

ಈಗ ನನ್ನ ಶೀಟು.

ಮೂರು ವರ್ಷದಲ್ಲಿ ನಾನು ಆಡಿದ್ದು 5 ಪಂದ್ಯ. ಗೌರಿಬಿದನೂರಲ್ಲಿ ಎರಡು, ಚಿಂತಾಮಣೀಲಿ ಮ್ಯಾಟ್ ಮೇಲೆ ಒಂದು, ಚಿಕ್ಕಬಳ್ಳಾಪುರದಲ್ಲಿ ಎರಡು. ಬ್ಯಾಟಿಂಗ್ ಸಿಕ್ಕಿದ್ದು ನಾಲ್ಕು ಸಲ. 11, 0, ಔಟಾಗದೆ 23, 6. ಒಟ್ಟು 40 ರನ್, ಮೂರು ಸಲ ಔಟ್, ಸರಾಸರಿ 13.33. ನಾಲ್ಕು ಕ್ಯಾಚ್, ಒಂದು ಸ್ಟಂಪಿಂಗ್.

ಬೆಂಗಳೂರಿನ ಒಂದು ಲೀಗ್ ಕ್ಲಬ್ ಹುಡುಗರಿಗೆ ಟ್ರಯಲ್ಸ್ ಇಟ್ಟಿದೆ. ಹೋಗಲಾ ಅಂತ ಕ್ರಿಕೆಟ್ ಗೊತ್ತಿರೋ ಒಬ್ಬ ದೊಡ್ಡೋರನ್ನ ಕೇಳಿದ್ದಕ್ಕೆ ಬಂದ ಉತ್ತರ, 'ನಿನ್ನ ಅಂಕಿ ನೋಡ್ಕೊಂಡಿದ್ಯಾ? ಬಸ್ ಚಾರ್ಜ್ ದಂಡ.'

ಸರಿ, ನೋಡೇಬಿಡೋಣ ಅಂತ ಸ್ಕೋರರ್ ಫ್ರೆಂಡ್ ಜೊತೆ ಕೂತೆ. ನಮ್ಮ ಸ್ಕೋರ್‌ಬುಕ್ ಪ್ರಕಾರ ಏಳನೇ ನಂಬರಿಂದ ಕೆಳಗೆ ಆಡಿದವರ ಸರಾಸರಿ 15. 20 ಔಟ್ ಸೇರಿಸಿದ್ವಿ, 300 ರನ್. 340 ಭಾಗಿಸು 23, ಉತ್ತರ 14.78.

ನೋಡಿ, 14.78ರಲ್ಲಿ ನಾನು ಎಲ್ಲಿದೀನಿ? 23ರಲ್ಲಿ 3 ಪಾಲು ಮಾತ್ರ ನಾನು. ಉಳಿದ 20 ಪಾಲು ಬೇರೆಯವರು. ಅಂದ್ರೆ ನನ್ನ ಬ್ಯಾಟಿಂಗ್ ಅಂಕಿ ನಾನು ಕೆಟ್ಟವನು ಅಂತಾನೂ ಹೇಳ್ತಿಲ್ಲ, ಒಳ್ಳೆಯವನು ಅಂತಾನೂ ಹೇಳ್ತಿಲ್ಲ. ಅದು ಮಾತೇ ಆಡ್ತಿಲ್ಲ.

ಆಗ ಫ್ರೆಂಡ್ ಕೇಳಿದ. 'ಮಗಾ, ನೀನು ಕೀಪರ್. ಮೂರು ಸಲ ಔಟ್ ಆಗಿರೋದನ್ನ ಯಾಕೆ ಎಣಿಸ್ತಾ ಇದೀವಿ? ನಿನ್ನ ಹತ್ರ ಬಾಲ್ ಎಷ್ಟು ಬಂದಿದೆ?'

93 ಓವರ್ ಕೀಪಿಂಗ್ ಮಾಡಿದೀನಿ. 558 ಎಸೆತ. ಹಿಡಿ ದೊಡ್ಡದಾಯ್ತು! ಅದರಲ್ಲಿ ಬಿಟ್ಟ ಬೈ ರನ್ 9. ನಮ್ಮ ಮೊದಲನೇ ಕೀಪರ್ 480 ಓವರ್, 2880 ಎಸೆತ, ಬೈ 70. ಅಂದ್ರೆ ಅವನಿಗೆ ಸುಮಾರು 41 ಎಸೆತಕ್ಕೆ ಒಂದು ಬೈ, ನನಗೆ 62ಕ್ಕೆ ಒಂದು.

ಕುಣಿಯೋ ಮುಂಚೆ ಇನ್ನೊಂದು ಲೆಕ್ಕ. ಅವನ ರೇಟಲ್ಲಿ ನನಗೆ 13 ಅಥವಾ 14 ಬೈ ಬರಬೇಕಿತ್ತು, ಬಂದಿರೋದು 9. ಇಷ್ಟು ವ್ಯತ್ಯಾಸ ಅದೃಷ್ಟದಿಂದಾನೂ ಬರಬಹುದು. ನಾನು ಅವನಿಗಿಂತ ಒಳ್ಳೆ ಕೀಪರ್ ಅಂತ ಇದು ಸಾಬೀತು ಮಾಡಲ್ಲ. ಆದ್ರೆ ಕಮ್ಮಿ ಅನ್ನೋಕೆ ಆಧಾರ ಇಲ್ಲ ಅಂತ ಖಂಡಿತ ಹೇಳುತ್ತೆ.

8/8

ಇಂಥ ಜಾಗದಲ್ಲಿ ಎಲ್ಲರೂ ಸಯ್ಯದ್ ಕಿರ್ಮಾನಿ ಕತೆ ಹೇಳ್ತಾರೆ. ನಿಜವಾದ ಕತೇನೇ. ನಮ್ಮ ಕರ್ನಾಟಕದ ಕೀಪರ್. 1971ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋದ್ರು, ಟೆಸ್ಟ್ ಸಿಗಲಿಲ್ಲ. 1974ರಲ್ಲೂ ಹೋದ್ರು, ಸಿಗಲಿಲ್ಲ. 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಮೊದಲ ಟೆಸ್ಟ್. ಎರಡನೇ ಟೆಸ್ಟಲ್ಲೇ ಒಂದು ಇನಿಂಗ್ಸಲ್ಲಿ ಆರು ಜನರನ್ನ ಔಟ್ ಮಾಡಿ ಆಗಿನ ವಿಶ್ವದಾಖಲೆಗೆ ಸಮ ಆದ್ರು. ಕೊನೆಗೆ 88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್.

1975ರ ಡಿಸೆಂಬರಲ್ಲಿ ಅವರ ಟೆಸ್ಟ್ ಅಂಕಿ ಎಷ್ಟಿತ್ತು? ಏನೂ ಇಲ್ಲ. ಸೊನ್ನೆ ಕೂಡ ಅಲ್ಲ, ಖಾಲಿ.

ಆದ್ರೆ ಈ ಕತೆ ಹೇಳಿ 'ಕಾಯಿರಿ, ನಿಮಗೂ ಒಂದು ದಿನ ಬರುತ್ತೆ' ಅಂತ ನಾನು ಮುಗಿಸಲ್ಲ. ಅಪ್ಪನ ಮಾತು ನೆನಪಿದೆಯಲ್ಲ, ಮೇಲಿನ ಹಿಡಿ ನೋಡಬಾರದು. ಕಿರ್ಮಾನಿ ಮೇಲಿನ ಹಿಡಿ. ಅವರಂಗೇ ಕಾದು, ಕಾದು, ಬ್ಯಾಗ್ ಅಟ್ಟಕ್ಕೆ ಹಾಕಿದವರ ಹೆಸರು ಯಾವ ಪೋಸ್ಟಲ್ಲೂ ಬರಲ್ಲ. ಅವರನ್ನೂ ಸೇರಿಸಿಯೇ ಸರಾಸರಿ ಹಾಕಬೇಕು. ಆ ಸರಾಸರಿ ಕಮ್ಮಿನೇ ಇರುತ್ತೆ, ಅದನ್ನ ಒಪ್ಕೊಂಡೇ ಹೊರಡಬೇಕು.

ಟ್ರಯಲ್ಸ್ ಮುಂದಿನ ಭಾನುವಾರ. ಭಾನುವಾರ ಅಂದ್ರೆ ಅಪ್ಪನ ಜೊತೆ ನಾನು ಕೆಲಸಕ್ಕೆ ಇರೋ ದಿನ. ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. 'ಒಂದು ಹಿಡಿ ನೋಡ್ಲಿ, ನೋಡಿದ್ರೆ ತಾನೆ ಬೆಲೆ ಕಟ್ಟೋದು' ಅಂದ್ರು. ಅವತ್ತು ಚಿಕ್ಕಪ್ಪನ ಕರೀತಾರಂತೆ.

ಫಾರಂ ತುಂಬಿದೀನಿ. 'ಬ್ಯಾಟಿಂಗ್ ಸರಾಸರಿ' ಅನ್ನೋ ಕಡೆ 13.33 ಅಂತಾನೇ ಬರೆದೆ, ಅದು ಇರೋದೇ ಅಷ್ಟು. 'ಇತರೆ' ಅನ್ನೋ ಕಡೆ ಬರೆದೆ: ಕೀಪಿಂಗ್ 558 ಎಸೆತ, ಬೈ 9.

ಮನೇಲಿ ಒಂದು ಒಪ್ಪಂದ ಕೂಡ ಆಗಿದೆ. ಮಾರ್ಚ್‌ವರೆಗೆ ಪ್ರತಿ ಪ್ರಾಕ್ಟೀಸಲ್ಲೂ ನಾನು ಹಿಡಿದ, ಬಿಟ್ಟ ಬಾಲ್ ಎಲ್ಲಾನೂ ಫ್ರೆಂಡ್ ಬರ್ಕೊಳ್ತಾನೆ. ಐದು ಸಾವಿರ ಎಸೆತ ಆಗಲಿ. ಆ ಹಿಡಿ ಏನು ಹೇಳುತ್ತೋ ಅದನ್ನ ನಾನೂ ಕೇಳ್ತೀನಿ, ಮನೆಯವರೂ ಕೇಳ್ತಾರೆ. ಸಾಲದು ಅಂದ್ರೆ ಗ್ಲೌಸ್ ಜೂನಿಯರ್ ಕೀಪರ್ ಹುಡುಗನಿಗೆ. ಸ್ಕೋರ್‌ಬುಕ್ ಮಾತ್ರ ಬಿಡಲ್ಲ.

ನಿಮ್ಮ ಬಗ್ಗೆ ಎಲ್ಲರೂ ನೋಡೋ ನಂಬರ್ ಒಂದಿರುತ್ತೆ. ಯಾರೂ ಎಣಿಸದ ಇನ್ನೊಂದು ನಂಬರೂ ಇರುತ್ತೆ, ಅದರ ಹಿಡಿ ದೊಡ್ಡದಾಗಿರುತ್ತೆ. ಅದು ಯಾವುದು ಅಂತ ಕಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ. ಮೂಲ್ಕಿ ಕಡೆಯವರು ಯಾರಾದ್ರೂ ಇದ್ರೆ ಕೈ ಎತ್ತಿ 🧤

#ಬುಧಿಕುಂದರನ್ #ಎರಡನೇಕೀಪರ್ #ಶಿಡ್ಲಘಟ್ಟ #ಚಿಕ್ಕಬಳ್ಳಾಪುರ #ಲೆಕ್ಕದಕತೆ